ಪಕ್ಕದಲ್ಲಿ ಕುಳಿತು ಕಲಿಸುವ 20 ನಿಮಿಷ: 3, 4 ಮತ್ತು 5ನೇ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರಗಳು. ಹಿಂದಿನ ತರಗತಿಯ ಕಲಿಕೆಯನ್ನು ಮತ್ತೆ ಗಟ್ಟಿ ಮಾಡಿಸುವ ಜೂನ್ ತಿಂಗಳ ಸೇತುಬಂಧ ಮುಗಿದ ಮೇಲೆ, ಅದರ ಕೊನೆಯಲ್ಲಿ ನಡೆಸುವ ಸಾಫಲ್ಯ ಪರೀಕ್ಷೆಯ ಹಾಳೆಗಳನ್ನು ತರಗತಿ ಶಿಕ್ಷಕರೊಂದಿಗೆ ಕುಳಿತು ನೋಡಿದಾಗ, ಈ ಮೂರು ತರಗತಿಗಳ 11 ಮಕ್ಕಳ ಹಾಳೆಗಳನ್ನು ನಾವು ಬೇರೆಯಾಗಿ ತೆಗೆದಿಟ್ಟೆವು. ಈ ಮಕ್ಕಳು ಇಂದು ಕೇಳಿದ ಕಥೆಯನ್ನು ನಾಳೆ ಒಂದು ಮಾತೂ ಬಿಡದೆ ಹೇಳಬಲ್ಲರು, ಬಾಯಿಲೆಕ್ಕದಲ್ಲಿ ಯಾರಿಗೂ ಕಡಿಮೆಯಿಲ್ಲ. ಆದರೆ ಪುಸ್ತಕ ತೆರೆದು ಓದಲು ಅಥವಾ ಪೆನ್ಸಿಲ್ ಹಿಡಿದು ಬರೆಯಲು ಕುಳಿತ ಐದೇ ನಿಮಿಷದಲ್ಲಿ ಅವರ ಗಮನ ಬೇರೆಡೆ ಹೊರಟುಹೋಗುತ್ತದೆ, ಅದನ್ನು ಮರಳಿ ತರುವಷ್ಟರಲ್ಲಿ ತರಗತಿ ಮುಂದಿನ ಪುಟದಲ್ಲಿರುತ್ತದೆ. ಈ ಮಕ್ಕಳಿಗಾಗಿ ಜುಲೈ ಎರಡನೇ ವಾರದಿಂದ ಪ್ರತಿದಿನ 20 ನಿಮಿಷ ಒಬ್ಬ ಶಿಕ್ಷಕರು ಒಂದೇ ಮಗುವಿನ ಪಕ್ಕದಲ್ಲಿ ಕುಳಿತು ಓದು ಬರಹ ಕಲಿಸುವ ಏರ್ಪಾಡನ್ನು ಮಾಡಿದ್ದೇವೆ. ಪತ್ರವನ್ನು ಆ 11 ಮನೆಗಳಿಗಷ್ಟೇ ಕಳಿಸದೆ ಎಲ್ಲ ಮನೆಗಳಿಗೂ ಕಳಿಸುತ್ತಿರುವುದು, ಯಾವ ಮಗುವಿನ ಹೆಸರೂ ಊರವರ ಬಾಯಿಗೆ ಬೀಳಬಾರದು ಎಂಬ ಕಾರಣಕ್ಕೆ. ಸಂಬಂಧಪಟ್ಟ ಪೋಷಕರನ್ನು ನಾನೇ ಪ್ರತ್ಯೇಕವಾಗಿ ಕರೆದು ಮಾತನಾಡುತ್ತೇನೆ.

"ಇವನಿಗೆ ತಲೆ ಇದೆ ಮೇಡಂ, ಓದೋ ಮನಸ್ಸಿಲ್ಲ" ಎಂಬ ಮಾತನ್ನು ಪೋಷಕರ ಸಭೆಯಲ್ಲಿ ನಾನು ಪ್ರತಿ ವರ್ಷವೂ ಕೇಳುತ್ತೇನೆ. ಸೇವೆಗೆ ಸೇರಿದ ಹೊಸದರಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ, ಅಂತಹ ಮಕ್ಕಳನ್ನು ಹಿಂದಿನ ಸಾಲಿಗೆ ಕಳಿಸಿದ್ದೂ ಉಂಟು. ಅದು ತಪ್ಪೆಂದು ಈಗ ನನಗೆ ಚೆನ್ನಾಗಿ ಗೊತ್ತಿದೆ. ಕಳೆದ ವರ್ಷ 4ನೇ ತರಗತಿಯ ಒಬ್ಬ ಹುಡುಗನ ಪಕ್ಕದಲ್ಲಿ ಇಡೀ ಒಂದು ಅವಧಿ ಕುಳಿತು ಅವನ ಕಣ್ಣುಗಳನ್ನೇ ಗಮನಿಸಿದೆ. ಬೋರ್ಡಿನ ಮೇಲೆ "ಹೊಲದಲ್ಲಿ ಹತ್ತಿ ಬೆಳೆದಿದೆ" ಎಂದು ಬರೆದಿತ್ತು. ಅವನು ತಲೆಯೆತ್ತಿ "ಹೊ" ನೋಡಿದ, ತಲೆ ತಗ್ಗಿಸಿ "ಹ" ಬರೆದ, ಗುಣಿತ ಹೇಗಿತ್ತೆಂದು ನೆನಪಾಗದೆ ಮತ್ತೆ ತಲೆಯೆತ್ತಿದ. ಅಷ್ಟರಲ್ಲಿ ಯಾರದೋ ರಬ್ಬರ್ ಉರುಳಿಕೊಂಡು ಬಂತು, ಅದನ್ನು ಎತ್ತಿಕೊಟ್ಟು ಬೋರ್ಡಿನ ಕಡೆ ತಿರುಗಿದಾಗ ಎಲ್ಲಿಯವರೆಗೆ ಬರೆದಿದ್ದೆ ಎಂಬುದೇ ಅವನಿಗೆ ತಪ್ಪಿಹೋಗಿತ್ತು. ಆ ಒಂದು ವಾಕ್ಯಕ್ಕೆ ಅವನು ಇಪ್ಪತ್ತಕ್ಕೂ ಹೆಚ್ಚು ಸಲ ತಲೆಯೆತ್ತಿದ. ಪಕ್ಕದ ಹುಡುಗಿ ಮೂರೇ ನೋಟಕ್ಕೆ ಬರೆದು ಮುಗಿಸಿದ್ದಳು, ಏಕೆಂದರೆ ಅವಳು ಪದವನ್ನು ಇಡಿಯಾಗಿ ಕಣ್ಣಲ್ಲಿ ಹಿಡಿದು ತರುತ್ತಿದ್ದಳು, ಅವನು ಒಂದೊಂದೇ ಅಕ್ಷರವನ್ನು ಹೊತ್ತು ತರುತ್ತಿದ್ದ. ಸೋಮಾರಿ ಎನಿಸಿಕೊಂಡ ಆ ಹುಡುಗ ಅವಳಿಗಿಂತ ಎಷ್ಟೋ ಪಾಲು ಹೆಚ್ಚು ದುಡಿದಿದ್ದ.

ನಮ್ಮ ಲಿಪಿಯ ರಚನೆಯೂ ಇಂತಹ ಮಗುವಿನಿಂದ ವಿಶೇಷ ಗಮನವನ್ನು ಬೇಡುತ್ತದೆ. ವರ್ಣಮಾಲೆಯ 49 ಅಕ್ಷರಗಳು ಅಷ್ಟು ಕಷ್ಟವಲ್ಲ. ತೊಡಕಿರುವುದು ಕಾಗುಣಿತ ಮತ್ತು ಒತ್ತಕ್ಷರಗಳು ಒಂದಕ್ಕೊಂದು ಸೇರುವಲ್ಲಿ. "ಹತ್ತಿ" ಎಂಬ ಪದವನ್ನೇ ನೋಡಿ: ಇಕಾರದ ಗುಣಿತ ಮೇಲಿನ ತಕಾರದ ಮೇಲಿದೆ, ಒತ್ತು ಅದರ ಕೆಳಗಿದೆ, ಆದರೆ ಓದುವಾಗ ಎರಡು ತಕಾರಗಳೂ ಆದ ಮೇಲೆ ಇಕಾರ ಬರಬೇಕು. ಕಣ್ಣಿಗೆ ಕಂಡ ಕ್ರಮದಲ್ಲೇ ಓದುವ ಮಗು "ಹತಿತ" ಎನ್ನುತ್ತದೆ. "ಸೂರ್ಯ" ಎಂಬಲ್ಲಿ ರಕಾರದ ಗುರುತಾದ ಅರ್ಕಾವತ್ತನ್ನು ಯಕಾರವಾದ ಮೇಲೆ ಬರೆಯುತ್ತೇವೆ, ಅದಕ್ಕಿಂತ ಮೊದಲು ಉಚ್ಚರಿಸುತ್ತೇವೆ. ಮಗು "ಸೂಯರ" ಎಂದರೆ ಅದು ತನಗೆ ಕಂಡದ್ದನ್ನು ಪ್ರಾಮಾಣಿಕವಾಗಿಯೇ ಓದಿರುತ್ತದೆ. ಮೂವತ್ತು ಮಕ್ಕಳ ನಡುವೆ ನಿಂತ ಶಿಕ್ಷಕರ ಕಿವಿಗೆ ಇದು ತಪ್ಪೆಂದಷ್ಟೇ ಕೇಳಿಸುತ್ತದೆ. ಪಕ್ಕದಲ್ಲಿ ಕುಳಿತವರಿಗೆ ಮಾತ್ರ ಮಗುವಿನ ಬೆರಳು ಎಲ್ಲಿ ನಿಂತಿತು, ಕಣ್ಣು ಎಲ್ಲಿ ಜಾರಿತು ಎಂಬುದು ಕಾಣುತ್ತದೆ, ಆ ಜಾಗದಲ್ಲೇ ತಡೆದು ತೋರಿಸಲು ಆಗುತ್ತದೆ.

"5ನೇ ತರಗತಿಯ ಮಗುವಿಗೆ ಮತ್ತೆ 1ನೇ ತರಗತಿಯ ಅಕ್ಷರ ಹೇಳಿಕೊಡುತ್ತೀರಾ" ಎಂದು ಕೆಲವರು ಕೇಳಬಹುದು. ಮೊದಲ ವಾರ ಹಾಗೆಯೇ ಮಾಡುತ್ತೇವೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಅ, ಆ, ಇ, ಈ ಎಂಬ ಸಾಲನ್ನು ಬಿಟ್ಟು ರ, ಗ, ಸ, ದ, ಅ ಎಂದು ಆರಂಭಿಸಿರುವುದರಿಂದ, ಐದೇ ಅಕ್ಷರ ಬಂದರೂ ಸರ, ಅರಸ, ಗರಗಸ ಎಂಬ ಪದಗಳನ್ನು ಮಗು ತಾನಾಗಿ ಓದಬಲ್ಲದು. ಓದಲು ಹೋದಾಗಲೆಲ್ಲ ಸೋತು ಕುಳಿತ ಮಗುವಿಗೆ ಮೊದಲು ಬೇಕಾಗಿರುವುದು, ನನಗೆ ಓದಲು ಬರುತ್ತದೆ ಎಂದು ಅದಕ್ಕೇ ತಿಳಿಯುವ ಒಂದು ದಿನ.

ಆ 20 ನಿಮಿಷಗಳು ಹೀಗೆ ಸಾಗುತ್ತವೆ. ನಿನ್ನೆ ಓದಿದ ನಾಲ್ಕು ಸಾಲುಗಳನ್ನೇ ಮಗು ಮೊದಲು ಮತ್ತೆ ಓದುತ್ತದೆ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಒಂದು ಸಾಲಿನಷ್ಟೇ ಕಿಂಡಿ ಕತ್ತರಿಸಿ ಪುಟದ ಮೇಲೆ ಇಡುತ್ತೇವೆ. ಉಳಿದ ಸಾಲುಗಳೂ ಚಿತ್ರಗಳೂ ಮುಚ್ಚಿಹೋಗುವುದರಿಂದ ಕಣ್ಣಿಗೆ ಅಲೆಯಲು ಜಾಗವಿರುವುದಿಲ್ಲ. ಆಮೇಲೆ ಅಂದಿನ ಎರಡು ಮೂರು ಹೊಸ ಪದಗಳನ್ನು ಗಟ್ಟಿಯಾಗಿ ಹೇಳುತ್ತಾ ಮರಳಿನ ತಟ್ಟೆಯಲ್ಲಿ ಬೆರಳಿನಿಂದ ತಿದ್ದುವುದು, ಹುಣಸೆ ಬೀಜಗಳನ್ನು ಜೋಡಿಸಿ ಒತ್ತಕ್ಷರ ಮಾಡುವುದು, ಕೊನೆಗೆ ನೋಟ್‌ಬುಕ್ಕಿನಲ್ಲಿ ಬರೆಯುವುದು. ನನಗೆ ತುಂಬಾ ಇಷ್ಟವಾದದ್ದು ಕೊನೆಯ ಐದು ನಿಮಿಷ. ಮಗು ತನ್ನ ಮನೆಯದೋ ಹೊಲದ್ದೋ ಒಂದು ಸುದ್ದಿ ಹೇಳುತ್ತದೆ, ಶಿಕ್ಷಕರು ಅದನ್ನು ಹೇಳಿದ ಹಾಗೆಯೇ ಬರೆದುಕೊಡುತ್ತಾರೆ. "ನಮ್ಮ ಹಸ ಕರ ಹಾಕ್ತು" ಎಂದರೆ ಹಾಗೇ ಬರೆಯುತ್ತೇವೆ, ಗ್ರಾಂಥಿಕ ಭಾಷೆಗೆ ತಿದ್ದುವ ಕೆಲಸ ನಂತರದ್ದು. ತನ್ನದೇ ಮಾತನ್ನು ಓದುವ ಮಗು ಕಿಟಕಿಯ ಕಡೆ ತಿರುಗುವುದನ್ನು ನಾನು ಕಂಡಿದ್ದು ಬಹಳ ಕಡಿಮೆ.

ಓದಿನಲ್ಲಿ ಹಿಂದುಳಿದ ಮಗುವಿಗೆ ಹೀಗೆ ಒಬ್ಬೊಬ್ಬರೇ ಕಲಿಸುವ ಕ್ರಮ ಹೊಸದೇನಲ್ಲ. ನ್ಯೂಜಿಲೆಂಡಿನ ಶಿಕ್ಷಣತಜ್ಞೆ ಮೇರಿ ಕ್ಲೇ ಅವರು 1970ರ ದಶಕದಲ್ಲಿ ರೂಪಿಸಿದ ಪದ್ಧತಿಯಲ್ಲಿ ದಿನಕ್ಕೆ 30 ನಿಮಿಷದಂತೆ 12ರಿಂದ 20 ವಾರಗಳವರೆಗೆ ಇದನ್ನು ನಡೆಸುತ್ತಾರೆ. ಅದು ಇಂಗ್ಲಿಷ್ ಓದಿಗಾಗಿ, ಇನ್ನೂ ಚಿಕ್ಕ ಮಕ್ಕಳಿಗಾಗಿ ಮಾಡಿದ್ದಾದ್ದರಿಂದ, ದಿನ ತಪ್ಪಿಸಬಾರದು ಮತ್ತು ಶಿಕ್ಷಕರು ಬದಲಾಗಬಾರದು ಎಂಬ ಎರಡು ನಿಯಮಗಳನ್ನಷ್ಟೇ ಅದರಿಂದ ತೆಗೆದುಕೊಂಡಿದ್ದೇವೆ. ನಾನೂ ಸೇರಿ ಆರು ಶಿಕ್ಷಕರು ಇದರಲ್ಲಿದ್ದೇವೆ. ಆರು ಮಕ್ಕಳಿಗೆ ಬೆಳಗ್ಗೆ ಪ್ರಾರ್ಥನೆಗೆ ಮುಂಚೆ, ಐವರಿಗೆ ಬಿಸಿಯೂಟದ ನಂತರ ಪಾಠ ನಡೆಯುತ್ತದೆ. ದಸರಾ ರಜೆಯನ್ನು ಬಿಟ್ಟು ನವೆಂಬರ್ ಕೊನೆಯವರೆಗೆ ಮುಂದುವರಿಯುತ್ತದೆ. ಆಟದ ಅವಧಿಯನ್ನು ಯಾವ ಕಾರಣಕ್ಕೂ ಇದಕ್ಕೆ ಬಳಸುವುದಿಲ್ಲ. ಒಂದು ಕಡೆ ಕೂರಲಾಗದ ಮಗುವಿನಿಂದ ಆಟವನ್ನು ಕಸಿದುಕೊಳ್ಳುವುದು ದೊಡ್ಡ ಅನ್ಯಾಯ.

ಇದಕ್ಕೆ ಶುಲ್ಕವಿಲ್ಲ. "ಸಂಜೆ ಮನೆಗೆ ಬಂದು ಹೇಳಿಕೊಡಿ, ಹಣ ಕೊಡುತ್ತೇವೆ" ಎಂದು ಕೆಲವರು ವಿಶ್ವಾಸದಿಂದಲೇ ಕೇಳಿದ್ದೀರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ, ದಯವಿಟ್ಟು ಮತ್ತೆ ಕೇಳಬೇಡಿ. ದಿನವಿಡೀ ಶಾಲೆಯಲ್ಲಿ ದಣಿದ ಮಗುವನ್ನು ಸಂಜೆ ಇನ್ನೊಂದು ಗುಂಪಿನ ಟ್ಯೂಷನ್ನಿಗೆ ಕಳಿಸುವುದರಿಂದಲೂ ಪ್ರಯೋಜನವಾಗುವುದಿಲ್ಲ ಎಂಬುದು ನನ್ನ ಅನುಭವ, ಏಕೆಂದರೆ ಗುಂಪಿನಲ್ಲಿ ಕಳೆದುಹೋಗುವುದೇ ಆ ಮಗುವಿನ ತೊಂದರೆ.

ಪಾಠ ಆರಂಭವಾಗುವ ಮೊದಲು ಮಗುವಿನ ಕಣ್ಣು ಮತ್ತು ಕಿವಿಯ ತಪಾಸಣೆ ಆಗಲೇಬೇಕು. ಬೋರ್ಡು ಮಸುಕಾಗಿ ಕಾಣುವ ಮಗುವನ್ನೂ, ಕಿವಿ ಸೋರಿ ಅರ್ಧ ಮಾತು ಕೇಳಿಸದ ಮಗುವನ್ನೂ ನಾವು ಗಮನವಿಲ್ಲದ ಮಗು ಎಂದುಕೊಂಡುಬಿಡುತ್ತೇವೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದು ಉಚಿತವಾಗಿ ತಪಾಸಣೆ ಮಾಡುತ್ತದೆ. ಆ ದಿನ ಮಗುವನ್ನು ತಪ್ಪದೆ ಕಳಿಸಿ. ನವೆಂಬರ್ ಕಳೆದರೂ ಓದು ಮುಂದುವರಿಯದಿದ್ದರೆ, ಬೆಂಗಳೂರಿನ ನಿಮ್ಹಾನ್ಸ್ ಅಥವಾ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂತಹ ಕಡೆ ತಜ್ಞರಿಗೆ ತೋರಿಸುವ ಬಗ್ಗೆ ನಿಮ್ಮೊಂದಿಗೆ ಮಾತನಾಡುತ್ತೇನೆ. ಎಡಿಎಚ್‌ಡಿ (ಗಮನ ನಿಲ್ಲದಿರುವ, ಸುಮ್ಮನೆ ಕೂರಲಾಗದ ತೊಂದರೆ) ಇದೆ, ಕಲಿಕಾ ನ್ಯೂನತೆ ಇದೆ ಎಂದು ಹೇಳುವ ಅಧಿಕಾರ ಶಿಕ್ಷಕರಿಗಿಲ್ಲ, ನಾವು ಹೇಳುವುದೂ ಇಲ್ಲ. ತಜ್ಞರು ಹಾಗೆ ಗುರುತಿಸಿದರೆ ಹೆದರಬೇಕಾಗಿಲ್ಲ. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸೇರಿಸಲಾಗಿದ್ದು, ಪ್ರಮಾಣಪತ್ರವಿರುವ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂತಹ ಅನುಕೂಲಗಳಿವೆ.

ಮನೆಯಲ್ಲಿ ನಿಮ್ಮಿಂದ ದಿನಕ್ಕೆ ಹತ್ತು ನಿಮಿಷ ಸಾಕು. ಟಿ.ವಿ. ಆರಿಸಿ, ಮೊಬೈಲನ್ನು ಕಣ್ಣಿಗೆ ಬೀಳದಂತೆ ಇಟ್ಟು, ಮಗುವಿನ ಎದುರಿಗಲ್ಲ, ಪಕ್ಕದಲ್ಲಿ ಕುಳಿತುಕೊಳ್ಳಿ. ಪದ ತಡವರಿಸಿದರೆ ತಕ್ಷಣ ಹೇಳಿಕೊಡದೆ ಮನಸ್ಸಿನಲ್ಲಿ ಐದರವರೆಗೆ ಎಣಿಸಿ; ಬಹಳ ಸಲ ಅಷ್ಟರಲ್ಲಿ ಮಗುವೇ ಹೇಳಿಬಿಡುತ್ತದೆ. ನಿಮಗೆ ಓದಲು ಬಾರದಿದ್ದರೂ ಸಂಕೋಚ ಬೇಡ. ಬಸ್ಸಿನ ಬೋರ್ಡು, ರೇಷನ್ ಅಂಗಡಿಯ ಫಲಕ, ಕಡ್ಡಿಪೆಟ್ಟಿಗೆಯ ಹೆಸರು ಇವನ್ನು "ಏನು ಬರೆದಿದೆ, ಓದಿ ಹೇಳು ಮಗ" ಎಂದು ಕೇಳಿದರೆ, ಅಜ್ಜಿಯೇ ಆಗಲಿ ಅಮ್ಮನೇ ಆಗಲಿ, ಮಗುವಿಗೆ ನೀವೇ ಒಳ್ಳೆಯ ಕೇಳುಗರು. ಅಕ್ಕನೊಂದಿಗೆ, ತಮ್ಮನೊಂದಿಗೆ ಹೋಲಿಸಬೇಡಿ. ಹೊಡೆಯಲೇಬೇಡಿ, ಶಾಲೆಯಲ್ಲಿ ಹೊಡೆಯುವುದನ್ನು ಕಾನೂನು ನಿಷೇಧಿಸಿದೆ, ಮನೆಯಲ್ಲಿ ಬಿದ್ದ ಏಟಿನ ಭಯವೂ ಮರುದಿನ ಪುಸ್ತಕ ತೆರೆದಾಗ ಮಗುವಿನ ಮುಖದಲ್ಲಿ ನಮಗೆ ಕಾಣುತ್ತದೆ.

ನಾನು ಕರೆದಾಗ ಕೂಲಿ ಬಿಟ್ಟು ಬರಬೇಕಾಗಿಲ್ಲ. ಸಂಜೆ ಆರು ಗಂಟೆಯವರೆಗೂ, ಶನಿವಾರ ಮಧ್ಯಾಹ್ನವೂ ಶಾಲೆಯಲ್ಲಿರುತ್ತೇನೆ. ಬರುವಾಗ ಮಗುವಿನ ಕಳೆದ ವರ್ಷದ ಕನ್ನಡ ನೋಟ್‌ಬುಕ್ಕುಗಳನ್ನು, ಹರಿದಿದ್ದರೂ ಅರ್ಧಕ್ಕೇ ನಿಂತಿದ್ದರೂ, ತನ್ನಿ. ಮಗು ಯಾವ ಪುಟದಿಂದ ಬಿಟ್ಟು ಬಿಟ್ಟು ಬರೆಯಲು ಆರಂಭಿಸಿದೆ ಎಂಬುದನ್ನು ಅವುಗಳಲ್ಲಿ ನಿಮ್ಮೊಂದಿಗೆ ಕುಳಿತು ನೋಡಬೇಕಾಗಿದೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ