ಗೂಡಿನ ಬುಡದಲ್ಲಿ ಟ್ರೈಪಾಡ್ ಏಕೆ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯ ಗೂಡಿನ ಚಿತ್ರ ನೋಡಿದೆ. ಚಿತ್ರವೇನೋ ಸೊಗಸಾಗಿತ್ತು, ತೆಗೆದವರು ಎಷ್ಟು ದೂರದಲ್ಲಿ ನಿಂತಿದ್ದರು ಎಂಬುದೇ ನನ್ನ ತಕರಾರು.

ಮೂಡಿಗೆರೆ ಬಳಿಯ ನಮ್ಮ ಕಾಫಿ ತೋಟದ ಹಳೆಯ ಮರವೊಂದರ ಪೊಟರೆಯಲ್ಲಿ ಮಲೆ ಮಂಗಟ್ಟೆಯ ಜೋಡಿ ಗೂಡು ಮಾಡಿದೆ. ಹೆಣ್ಣು ಒಳಗೆ ಸೇರಿ, ಪೊಟರೆಯ ಬಾಯನ್ನು ಹಿಕ್ಕೆಯಿಂದ ಮೆತ್ತಿ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟುಕೊಂಡಿದೆ. ಅದರ ಊಟವೆಲ್ಲ ಗಂಡು ತಂದುಕೊಡುವ ಅತ್ತಿ, ಬಸರಿ ಹಣ್ಣು. ಮೊನ್ನೆ ಹೋಂಸ್ಟೇ ಅತಿಥಿಗಳು ಐದಾರು ಮಂದಿ ಮರದ ಬುಡದಲ್ಲೇ ಟ್ರೈಪಾಡ್ ಊರಿದರು. ಗಂಡು ಎದುರಿನ ಸಿಲ್ವರ್ ಮರದಲ್ಲಿ ಕುಳಿತು ಕತ್ತು ಆಡಿಸಿತೇ ಹೊರತು ಗೂಡಿನತ್ತ ಸುಳಿಯಲಿಲ್ಲ. ಅಡ್ಡ ಬಂತೆಂದು ಒಬ್ಬರು ಕೊಂಬೆ ಮುರಿದರು, ಮತ್ತೊಬ್ಬರು ಮೊಬೈಲಿನಲ್ಲಿ ಅದರದೇ ಕೂಗು ಹಾಕಿದರು. ತೋಟದ ನೆರಳಿಗೆ ಬೆಳಕು ಸಾಲದೆಂದು ಫ್ಲ್ಯಾಶ್ ಬೇರೆ!

ಅವರ ಕೈಯಲ್ಲಿದ್ದದ್ದು ದೂರದ್ದನ್ನು ಹತ್ತಿರ ತೋರಿಸುವ 600 ಎಂಎಂ ಲೆನ್ಸ್. ಫುಲ್ ಫ್ರೇಮ್ (ಹಳೆಯ ಫಿಲ್ಮ್ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾಗೆ ಹಾಕಿದರೆ 30 ಮೀಟರ್ ದೂರದಿಂದಲೂ ಚೌಕಟ್ಟಿನೊಳಗೆ ಬರುವುದು ಎರಡು ಮೀಟರಿಗೂ ಕಡಿಮೆ ಅಗಲದ ಜಾಗ. ಲಕ್ಷಗಟ್ಟಲೆ ಸುರಿದು ಕೊಂಡದ್ದು ದೂರ ನಿಲ್ಲುವುದಕ್ಕಲ್ಲವೇ? ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಬರಿನೆಲದ ಮೇಲೆ ಮೊಟ್ಟೆಯಿಡುವ ರೀವ (ರಿವರ್ ಟರ್ನ್) ಹಕ್ಕಿಗಳಿಗೂ ಇದೇ ಮಾತು: ತಾಯಿ ಹಾರಿದರೆ ಮೊಟ್ಟೆಗೆ ಬಿಸಿಲೇ ಗತಿ.

ಹೋಂಸ್ಟೇ ಮಾಲೀಕರು ಗೂಡಿನ ಜಾಗ ತೋರಿಸುವುದನ್ನು ನಿಲ್ಲಿಸಲಿ. ತಾವೂ ಗೂಡಿನ ಚಿತ್ರಗಳನ್ನು ಅಚ್ಚು ಹಾಕಬೇಡಿ. ಹಾರುವ, ಹಣ್ಣು ತಿನ್ನುವ ಹಕ್ಕಿಯ ಚಿತ್ರಗಳಿಗೇನು ಬರವೇ?

– ಒಬ್ಬ ಕಾಫಿ ಬೆಳೆಗಾರ, ಮೂಡಿಗೆರೆ