ಕಬ್ಬಿನ ಫಡದಲ್ಲಿ ಕಂಡ ಚುಕ್ಕೆಮರಿಯನ್ನು ಎತ್ತಿಕೊಳ್ಳಬೇಡಿ

ಮಾನ್ಯ ಸಂಪಾದಕರೆ,

ಕಬ್ಬಿನ ಕಟಾವು ಶುರುವಾದರೆ ಭಾಲ್ಕಿ, ಹುಮನಾಬಾದ್, ಆಳಂದ, ಅಫಜಲಪುರದ ಕಡೆ ಚುಕ್ಕೆಯ ಮರಿ ಕಂಡಲ್ಲೆಲ್ಲ ‘ಚಿರತೆ ಮರಿ’ ಎಂಬ ಗುಲ್ಲು ಏಳುವುದುಂಟು. ನೋಡಿದ ಮರಿ ಕಾಡುಬೆಕ್ಕಿನದೂ ಆಗಿರಬಹುದು. ಅದರಲ್ಲೂ ರಸ್ಟಿ ಸ್ಪಾಟೆಡ್ ಕ್ಯಾಟ್ ಎನ್ನುವ ತುಕ್ಕುಚುಕ್ಕೆ ಬೆಕ್ಕಿನ ಬಗ್ಗೆ ನಮ್ಮಲ್ಲಿ ತಿಳಿವಳಿಕೆ ತೀರಾ ಕಡಿಮೆ.

ಏಷ್ಯಾದಲ್ಲೇ ಅತಿ ಚಿಕ್ಕ ಕಾಡುಬೆಕ್ಕು ಇದು. ಬೆಳೆದ ಬೆಕ್ಕಿನ ತೂಕ ಒಂದರಿಂದ ಒಂದೂವರೆ ಕಿಲೋ ಅಷ್ಟೇ, ಮನೆಯ ಬೆಕ್ಕಿಗಿಂತ ಸಣ್ಣದು. ಭಾರತ, ನೇಪಾಳ, ಶ್ರೀಲಂಕಾ ಬಿಟ್ಟರೆ ಬೇರೆಲ್ಲೂ ಇಲ್ಲ. ಒಣ ಎಲೆಯುದುರು ಕಾಡು, ಕುರುಚಲು, ಬಂಡೆಗಲ್ಲಿನ ಗುಡ್ಡ ಇದರ ನೆಲೆ. ಹೊಲಗಳಲ್ಲೂ ಮರಿ ಹಾಕುತ್ತದೆ. ಹಗಲೆಲ್ಲ ಪೊದೆ, ಮರದ ಪೊಟರೆಯಲ್ಲಿ ಮಲಗಿದ್ದು ರಾತ್ರಿ ಇಲಿ, ಹಲ್ಲಿ, ಕಪ್ಪೆ, ಹುಳ, ಸಣ್ಣ ಹಕ್ಕಿ ಹಿಡಿಯುತ್ತದೆ. ಒಮ್ಮೊಮ್ಮೆ ಕೋಳಿಮರಿಗೂ ಕೈ ಹಾಕುತ್ತದೆ, ನಿಜ. ಆದರೆ ಅದು ತಿನ್ನುವ ಇಲಿಗಳ ಲೆಕ್ಕ ಹಾಕಿದ ರೈತನಿಗೆ ಆ ನಷ್ಟ ದೊಡ್ಡದಲ್ಲ.

ಗುರುತು ಹೀಗೆ: ಬೂದು ಮೈಮೇಲೆ ಸಾಲಾಗಿ ತುಕ್ಕು ಬಣ್ಣದ ಚುಕ್ಕೆ, ಹಣೆಯಿಂದ ಕತ್ತಿನವರೆಗೆ ನಾಲ್ಕು ಕಪ್ಪು ಗೆರೆ, ಮೂಗಿನ ಎರಡೂ ಬದಿ ಬಿಳಿ ಪಟ್ಟಿ, ಸಣ್ಣ ದುಂಡು ಕಿವಿ. ಬಾಲದಲ್ಲಿ ಗುರುತುಗಳು ಅಷ್ಟಾಗಿ ಇಲ್ಲ. ಮರಿಗಳಿಗೆ ಚುಕ್ಕೆ ಮೊದಲು ಕಪ್ಪಗಿರುತ್ತದೆ, ಗೊಂದಲ ಶುರುವಾಗುವುದೇ ಇಲ್ಲಿ. ಚಿರತೆಯ ಮರಿ ಹುಟ್ಟುವಾಗಲೇ ಸುಮಾರು ಅರ್ಧ ಕಿಲೋ ತೂಗುತ್ತದೆ; ಈ ಬೆಕ್ಕಿನ ಮರಿ ನೂರು ಗ್ರಾಂ ಕೂಡ ಇರುವುದಿಲ್ಲ. ಒಂದು ಸೂಲಿಗೆ ಒಂದರಿಂದ ಮೂರು ಮರಿ.

ಯಾವ ಮರಿಯೇ ಆಗಲಿ, ಮೊದಲು ಆ ಬದಿಯ ಕಟಾವು ನಿಲ್ಲಿಸಿ. ಸುತ್ತಲಿನ ಕಬ್ಬು ಹಾಗೇ ಇರಲಿ, ಜನ ದೂರ ಸರಿಯಲಿ, ನಾಯಿಗಳನ್ನು ಕಟ್ಟಿಹಾಕಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ತಾಯಿ ಬೇಟೆಗೆ ಹೋಗಿರುತ್ತದೆ ಇಲ್ಲವೇ ಗದ್ದಲಕ್ಕೆ ಹೆದರಿ ಪಕ್ಕದಲ್ಲೇ ಅಡಗಿರುತ್ತದೆ. ಕತ್ತಲಾದ ಮೇಲೆ ಬಂದು ಒಂದೊಂದೇ ಮರಿಯನ್ನು ಕಚ್ಚಿಕೊಂಡು ಹೋಗುತ್ತದೆ. ಮನುಷ್ಯರ ಕೈ ತಾಗಿದರೆ ತಾಯಿ ಬಿಟ್ಟುಹೋಗುತ್ತದೆ ಎಂಬುದು ಸುಳ್ಳು. ಯಾರಾದರೂ ಮರಿ ಎತ್ತಿಕೊಂಡು ಹೋಗಿದ್ದರೆ, ಸಿಕ್ಕ ಜಾಗದಲ್ಲೇ, ಅದೇ ಸಂಜೆ, ಮೇಲ್ಭಾಗ ತೆರೆದ ಕ್ರೇಟಿನಲ್ಲಿ ಇಡಿಸುವುದು ಇಲಾಖೆಯ ಕೆಲಸ. ಕ್ರೇಟಿನ ಗೋಡೆ ಮರಿ ಹತ್ತಿ ಹೊರಬಾರದಷ್ಟು ಎತ್ತರ, ತಾಯಿ ಸಲೀಸಾಗಿ ಇಳಿಯುವಷ್ಟು ತಗ್ಗು ಇರಬೇಕು. ಒಂದು ರಾತ್ರಿ ಬಾರದಿದ್ದರೆ ಮರುದಿನವೂ ಇಡಬೇಕು. ಕಾವಲು ಕೂರುವವರು ಟಾರ್ಚ್ ಹಿಡಿದು ಸುತ್ತಾಡಿದರೆ ತಾಯಿ ಬರುವುದಿಲ್ಲ.

ಕರುಣೆಯಿಂದ ಆಕಳ ಹಾಲು ಕುಡಿಸುವವರೇ ಹೆಚ್ಚು ಹಾನಿ ಮಾಡುತ್ತಾರೆ. ಮರಿಗೆ ಭೇದಿ ಹತ್ತಿ ಮೈಯ ನೀರು ಬತ್ತುತ್ತದೆ. ಅಂಗಾತ ಮಲಗಿಸಿ ಸಿರಿಂಜಿನಿಂದ ಹಿಂಡಿದರೆ ಹಾಲು ಪುಪ್ಪುಸಕ್ಕೆ ಇಳಿಯುತ್ತದೆ. ಸಾಕುವ ಆಸೆಯಂತೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿರುವ ಪ್ರಾಣಿ ಇದು, ಹಿಡಿದಿಟ್ಟುಕೊಳ್ಳುವುದೇ ಅಪರಾಧ.

ರವದಿ (ಕಬ್ಬಿನ ಒಣಗರಿ) ಸುಡುವವರು ನಾಲ್ಕೂ ಬದಿಯಿಂದ ಬೆಂಕಿ ಕೊಟ್ಟರೆ ಒಳಗಿರುವ ಯಾವ ಜೀವಕ್ಕೂ ದಾರಿ ಉಳಿಯುವುದಿಲ್ಲ. ಸುಡದೆ ಸಾಲಿನ ನಡುವೆ ಹರಡಿದರೆ ಕೂಳೆ ಬೆಳೆಗೂ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬಿಗೂ) ತೇವ ನಿಲ್ಲುತ್ತದೆ. ಇಲಿ ಪಾಷಾಣದ ವಿಷಯದಲ್ಲೂ ಎಚ್ಚರ ಬೇಕು. ಬ್ರೊಮಾಡಿಯೊಲೋನ್ ತಿಂದ ಇಲಿ ಸಾಯಲು ಕೆಲವು ದಿನ ಹಿಡಿಯುತ್ತದೆ. ನಿತ್ರಾಣವಾಗಿ ತಿರುಗುವ ಇಲಿಯನ್ನು ಬೆಕ್ಕು ಸುಲಭವಾಗಿ ಹಿಡಿಯುತ್ತದೆ, ವಿಷ ಅದರ ಪಿತ್ತಜನಕಾಂಗದಲ್ಲಿ ಕೂಡುತ್ತ ಹೋಗುತ್ತದೆ.

ಸಕ್ಕರೆ ಕಾರ್ಖಾನೆಗಳಲ್ಲಿ ಒಂದು ಕೋರಿಕೆ. ಕಟಾವಿನ ಆದೇಶದ ಜತೆಗೆ ಗ್ಯಾಂಗಿನ ಮುಕಾದಮನ ಕೈಗೆ ಈ ಸೂಚನೆಗಳ ಒಂದು ಚೀಟಿ ಕೊಡಿ. ಮಹಾರಾಷ್ಟ್ರದ ಗ್ಯಾಂಗುಗಳೂ ಬರುವುದರಿಂದ ಅದು ಕನ್ನಡದ ಜತೆ ಮರಾಠಿಯಲ್ಲೂ ಇರಲಿ.

– ವನ್ಯಜೀವಿ ಆಸಕ್ತರು, ಹುಮನಾಬಾದ್, ಬೀದರ್ ಜಿಲ್ಲೆ