ತಪ್ಪು ಕಾಯಿಲ್ ಹಾಕಿ ಮೂರು ಬಿಲ್ ಮಾಡಿದ್ದರ ಬಗ್ಗೆ ದೂರು

ವರ್ಕ್‌ಶಾಪ್ ಮ್ಯಾನೇಜರ್ ಅವರಿಗೆ,

ನಮಸ್ಕಾರ. ಈ ವರ್ಷ ಮೂರು ಸಲ ನಿಮ್ಮಲ್ಲಿಗೆ ಬಂದ ಬಿಳಿ ಅಂಬಾಸಿಡರ್ ನಿಮಗೆ ನೆನಪಿರಬೇಕು. 1978ರ ಮಾರ್ಕ್ 3, 1489 ಸಿಸಿ ಪೆಟ್ರೋಲ್ ಇಂಜಿನ್. ನಮ್ಮ ತಂದೆ ಹಾಸನದಲ್ಲಿ ಓಡಿಸುತ್ತಿದ್ದ ಗಾಡಿ ಅದು. ಅವರು ಹೋದ ಮೇಲೆ ನಾನು ನೋಡಿಕೊಳ್ಳುತ್ತಿದ್ದೇನೆ. ಫೋನಿನಲ್ಲಿ ನಾಲ್ಕು ಸಲ ಹೇಳಿ ಆಯಿತು, ಪ್ರತಿ ಸಲವೂ ‘ಎಲೆಕ್ಟ್ರಿಕಲ್ ಐಟಂಗೆ ಗ್ಯಾರಂಟಿ ಇರಲ್ಲ ಸಾರ್’ ಅನ್ನೋ ಒಂದೇ ಉತ್ತರ. ಅದಕ್ಕೇ ಈಗ ಬರೆದು ಕೊಡುತ್ತಿದ್ದೇನೆ. ಪೂರ್ತಿ ಓದಿ.

ಜೂನ್‌ನಲ್ಲಿ ನಾನು ಗಾಡಿ ತಂದಾಗ ಇದ್ದ ತೊಂದರೆ ಒಂದೇ. ಮಳೆ ಬಿದ್ದ ಮಾರನೇ ದಿನ ಬೆಳಿಗ್ಗೆ ಸ್ಟಾರ್ಟ್ ಆಗಲ್ಲ, ಸ್ಟಾರ್ಟ್ ಆದರೂ ಸ್ವಲ್ಪ ಹೊತ್ತು ಮಿಸ್ಸಿಂಗ್ ಹೊಡೆಯುತ್ತೆ, ಬಿಸಿಲು ಬಂದ ಮೇಲೆ ಸರಿಹೋಗುತ್ತೆ. ನಿಮ್ಮ ಹುಡುಗರು, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ಬಿಚ್ಚಿ ಒಳಗಡೆ ಕೂದಲೆಳೆಯಂಥ ಬಿರುಕು ತೋರಿಸಿದರು. ತೇವ ಕೂತರೆ ಆ ಬಿರುಕಿನಲ್ಲೇ ಕರೆಂಟ್ ಹರಿದು ಪ್ಲಗ್‌ಗೆ ಹೋಗಲ್ಲ ಅಂತಲೂ ಹೇಳಿದರು. ಸರಿಯಾಗಿಯೇ ಹೇಳಿದರು. ಕ್ಯಾಪ್, ರೋಟರ್, ಪ್ಲಗ್ ವೈರ್ ಬದಲಾಯಿಸಿದ್ದಕ್ಕೆ ನನ್ನ ತಕರಾರು ಇಲ್ಲ. ಆ ದುಡ್ಡು ನಾನು ಕೇಳುವುದೂ ಇಲ್ಲ.

ಆದರೆ ‘ಟ್ಯೂನಪ್ ಪ್ಯಾಕೇಜ್’ ಅಂತ ಅದರ ಜೊತೆಗೆ ಸಿ.ಬಿ. ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ಕಡಿದು ಕಡಿದು ಬಿಡುವ ಕಾಂಟ್ಯಾಕ್ಟ್), ಕಂಡೆನ್ಸರ್, ಕೊನೆಗೆ ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್ ಕೂಡ ಬದಲಾಯಿಸಿ ₹9,400 ಬಿಲ್ ಮಾಡಿದಿರಿ. ಹಳೆ ಕಾಯಿಲ್ ಕೆಟ್ಟಿರಲಿಲ್ಲ. ಅದನ್ನು ಯಾರೂ ಮೀಟರ್ ಇಟ್ಟು ನೋಡಿಯೂ ಇರಲಿಲ್ಲ. ಹೊಸದು 12 ವೋಲ್ಟ್, ಇದೂ 12 ವೋಲ್ಟ್, ಸೈಜೂ ಒಂದೇ ಅಂತ ಹಾಕಿಬಿಟ್ಟಿದ್ದೀರಿ ಅಷ್ಟೇ. ಮುಂದಿನ ಎಲ್ಲಾ ಕಷ್ಟ ಶುರುವಾಗಿದ್ದು ಅಲ್ಲಿಂದ.

ಅವತ್ತೇ ಊರಿಗೆ ವಾಪಸ್ ಹೋಗುವಾಗ ಕುಣಿಗಲ್ ದಾಟಿದ ಮೇಲೆ ಗಾಡಿ ತಾನಾಗೇ ಆಫ್ ಆಯಿತು. ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತೆ, ಹತ್ತಿಕೊಳ್ಳಲ್ಲ. ಅರ್ಧ ಗಂಟೆ ಕಾದ ಮೇಲೆ ಏನೂ ಆಗಿಲ್ಲವೇನೋ ಅನ್ನೋ ಹಾಗೆ ಸ್ಟಾರ್ಟ್ ಆಯಿತು. ನಿಮಗೆ ಫೋನ್ ಮಾಡಿದರೆ ಹೊಸ ಪಾರ್ಟು, ಸೆಟ್ ಆಗಬೇಕು ಅಂದಿರಿ. ಜುಲೈನಲ್ಲಿ ಮತ್ತೆ ಗಾಡಿ ತಂದಾಗ ಕಾರ್ಬುರೇಟರ್ ಓವರ್‌ಹಾಲ್ ಅಂತ ₹6,800. ವಾಪಸ್ ಹೋಗುವಾಗ ಚನ್ನರಾಯಪಟ್ಟಣದ ಹತ್ತಿರ ಮತ್ತೆ ಅದೇ ಕಥೆ. ಆಗಸ್ಟ್‌ನಲ್ಲಿ ‘ವೇಪರ್ ಲಾಕ್ ಸಾರ್, ಹಳೇ ಗಾಡೀಲಿ ಪೆಟ್ರೋಲ್ ಬಿಸಿಯಾಗಿ ಆವಿ ಆಗತ್ತೆ’ ಅಂತ ಇಂಜಿನ್‌ನಲ್ಲಿದ್ದ ಮೆಕ್ಯಾನಿಕಲ್ ಪಂಪ್ ತೆಗೆದು ಎಲೆಕ್ಟ್ರಿಕ್ ಪಂಪ್ ಕೂರಿಸಿದಿರಿ, ₹5,600. ಮೂರೂ ಸೇರಿ ₹21,800.

ವೇಪರ್ ಲಾಕ್ ಅಂದಾಗ ನಾನು ಒಂದು ಮಾತು ಕೇಳಿದ್ದೆ. ನಮ್ಮ ತಂದೆ ಇದೇ ಗಾಡಿಯಲ್ಲಿ ಏಪ್ರಿಲ್ ಬಿಸಿಲಲ್ಲಿ ರಾಯಚೂರಿನವರೆಗೂ ಹೋಗಿ ಬಂದಿದ್ದಾರೆ, ಆಗ ಆಗದ ವೇಪರ್ ಲಾಕ್ ಮಳೆಗಾಲದಲ್ಲಿ ಹೇಗೆ ಆಗುತ್ತೆ ಅಂತ. ಅದಕ್ಕೆ ನಿಮ್ಮ ಸೂಪರ್‌ವೈಸರ್ ಉತ್ತರ ಕೊಡಲಿಲ್ಲ.

ಸೆಪ್ಟೆಂಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಧರ್ಮಸ್ಥಳಕ್ಕೆ ಹೋದೆ. ಹೋಗುವಾಗ ಬೆಳಗಿನ ತಂಪು, ಜೊತೆಗೆ ಶಿರಾಡಿ ಘಾಟಿ ಇಳಿಜಾರು, ಏನೂ ಆಗಲಿಲ್ಲ. ವಾಪಸ್ ಬರುವಾಗ ಗುಂಡ್ಯ ದಾಟಿ ಘಾಟಿ ಹತ್ತುತ್ತಿದ್ದಾಗ, ಸರಿಯಾಗಿ ಒಂದು ತಿರುವಿನಲ್ಲಿ ಇಂಜಿನ್ ನಿಂತಿತು. ಹಿಂದೆ ಟ್ಯಾಂಕರ್ ಲಾರಿ. ಅಮ್ಮನಿಗೆ 74 ವರ್ಷ, ಮಂಡಿ ನೋವು. ಅವರನ್ನು ಆ ಮಳೆಯಲ್ಲಿ ಇಳಿಸಿ ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂರಿಸಿ, ನಾನು ಚಕ್ರಕ್ಕೆ ಕಲ್ಲು ಕೊಟ್ಟು ಬರೋ ಗಾಡಿಗಳಿಗೆಲ್ಲ ಕೈ ತೋರಿಸುತ್ತಾ ನಿಂತಿದ್ದೆ. ಆ ಒಂದು ಗಂಟೆ ನನಗೆ ಹೇಗಿತ್ತು ಅಂತ ನೀವು ಸ್ವಲ್ಪ ಯೋಚನೆ ಮಾಡಿ.

ಲಾರಿ ಡ್ರೈವರ್ ಒಬ್ಬರು ಸಕಲೇಶಪುರದ ಹಿರಿಯ ಮೆಕ್ಯಾನಿಕ್ ನಂಬರ್ ಕೊಟ್ಟರು. ಅವರು ಬೈಕಿನಲ್ಲಿ ಬಂದರು. ಬಂದವರೇ ಮೊದಲು ಕಾರ್ಬುರೇಟರ್‌ಗೆ ಬರುವ ಪೈಪ್ ಬಿಚ್ಚಿ ಬಾಟಲಿಗೆ ಹಿಡಿದು, ಕೀ ಆನ್ ಮಾಡಿಸಿದರು. ಪೆಟ್ರೋಲ್ ಚೆನ್ನಾಗಿ ಬಂತು. ಪೈಪ್ ಮತ್ತೆ ಹಾಕಿ, ಆಮೇಲೆ ಡಿಸ್ಟ್ರಿಬ್ಯೂಟರ್ ನಡುವಿನ ದಪ್ಪ ವೈರ್ ಎಳೆದು, ರಬ್ಬರ್ ಹಿಡಿಯ ಇಕ್ಕಳದಲ್ಲಿ ಇಂಜಿನ್ ಬ್ಲಾಕ್‌ನಿಂದ ಅರ್ಧ ಸೆಂಟಿಮೀಟರ್ ದೂರ ಹಿಡಿದು ಸೆಲ್ಫ್ ಹೊಡೆಸಿದರು. ನೀಲಿ ಕಿಡಿ ಪಟಪಟ ಅಂತ ಹಾರಬೇಕಿತ್ತು. ಹಾರಿದ್ದು ಒಂದೆರಡು ಸಲ, ಅದೂ ಹಳದಿ. ‘ಪೆಟ್ರೋಲ್ ಇದೆ ಸಾರ್, ಕರೆಂಟೇ ಇಲ್ಲ’ ಅಂದರು. ಕಾಯಿಲ್ ಮುಟ್ಟಲು ಹೋಗಿ ಕೈ ಹಿಂದಕ್ಕೆ ಎಳೆದುಕೊಂಡರು. ಅಷ್ಟು ಸುಡುತ್ತಿತ್ತು.

ಹಳೆ ಕಾಯಿಲ್ ನೀವು ಜೂನ್‌ನಲ್ಲಿ ಚೀಲಕ್ಕೆ ಹಾಕಿ ಕೊಟ್ಟಿದ್ದು ಡಿಕ್ಕಿಯಲ್ಲೇ ಇತ್ತು. ಅದನ್ನೇ ಹಾಕಿ, ಪಾಯಿಂಟ್ ಉಜ್ಜಿ, ಗ್ಯಾಪ್ 0.4 ಮಿಲಿಮೀಟರ್ ಇಟ್ಟರು. ಗಾಡಿ ಸ್ಟಾರ್ಟ್ ಆಯಿತು. ಆವತ್ತಿಂದ ಇವತ್ತಿನವರೆಗೆ ಒಂದು ಸಲವೂ ನಿಂತಿಲ್ಲ.

ಮನೆಗೆ ಬಂದು ಎರಡೂ ಕಾಯಿಲ್‌ಗೆ ಮಲ್ಟಿಮೀಟರ್ ಇಟ್ಟೆ, ಎರಡು ಸಣ್ಣ ಟರ್ಮಿನಲ್ ಮಧ್ಯೆ. ಹಳೆಯದು 3.1 ಓಮ್. ನಿಮ್ಮದು 1.5 ಓಮ್. ಒಂದೂವರೆ ಓಮ್ ಕಾಯಿಲ್ ಬ್ಯಾಲಸ್ಟ್ ರೆಸಿಸ್ಟರ್ ಇರುವ ಗಾಡಿಗೆ ಮಾಡಿದ್ದು. ಸ್ಟಾರ್ಟ್ ಮಾಡುವಾಗ ಮಾತ್ರ ಅದಕ್ಕೆ ಬ್ಯಾಟರಿಯ ಪೂರ್ತಿ ವೋಲ್ಟೇಜ್ ಸಿಗಬೇಕು, ಓಡುವಾಗ ರೆಸಿಸ್ಟರ್ ಮೂಲಕ ಕಡಿಮೆ ಸಿಗಬೇಕು. ನನ್ನ ಗಾಡಿಯಲ್ಲಿ ಆ ರೆಸಿಸ್ಟರ್ ಇಲ್ಲವೇ ಇಲ್ಲ. ಲೆಕ್ಕ ಸುಲಭ, 12 ವೋಲ್ಟ್‌ಗೆ ಮೂರು ಓಮ್ ಇದ್ದರೆ 4 ಆಂಪಿಯರ್, ಒಂದೂವರೆ ಇದ್ದರೆ 8. ಶಾಖವೂ ಎರಡರಷ್ಟು. ಗಂಟೆಗಟ್ಟಲೆ ಓಡಿದ ಮೇಲೆ ಕಾಯಿಲ್ ಕಾದು ಕಿಡಿ ಸಾಯುತ್ತೆ, ತಣ್ಣಗಾದರೆ ಮತ್ತೆ ಬರುತ್ತೆ. ನಾನು ಮೂರು ಸಲವೂ ನಿಮಗೆ ಹೇಳಿದ ಲಕ್ಷಣ ಇದೇ ಅಲ್ವಾ? ಆ ಎರಡರಷ್ಟು ಕರೆಂಟ್ ಕಡಿದು ಕಡಿದು ಹೊಸ ಪಾಯಿಂಟ್ ಬರೀ 1,100 ಕಿಲೋಮೀಟರ್‌ಗೆ ಸುಟ್ಟು ನೀಲಿಯಾಗಿದೆ, ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬುಟು. ಅದರ ಫೋಟೋ ಜೊತೆಗಿಟ್ಟಿದ್ದೇನೆ.

ಇನ್ನೊಂದು ವಿಷಯ ನನಗೆ ತುಂಬಾ ಬೇಜಾರು ಮಾಡಿತು. ಕಾಯಿಲ್ ಮೇಲಿನ ಕ್ಲಾಂಪ್ ಸಡಿಲಿಸಿದರೆ, ಹೊರಗಿನ ರೆಸಿಸ್ಟರ್ ಜೊತೆಗೇ ಬಳಸಬೇಕು ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಅದನ್ನು ಹಾಕಿದವರು ಓದಿದ್ದರೆ ಸಾಕಿತ್ತು. ಹೋಗಲಿ, ಓದಲಿಲ್ಲ. ಎರಡನೇ ಸಲ ಬಂದಾಗ ಗಾಡಿಯನ್ನು ಒಂದು ಗಂಟೆ ಓಡಿಸಿ, ನಿಂತ ಕೂಡಲೇ ಕಿಡಿ ನೋಡಿದ್ದರೂ ಗೊತ್ತಾಗುತ್ತಿತ್ತು. ನೀವು ತಣ್ಣಗಿರುವ ಗಾಡಿಯನ್ನು ಶೆಡ್ಡಿನಲ್ಲಿ ಹತ್ತು ನಿಮಿಷ ಸ್ಟಾರ್ಟ್ ಮಾಡಿ, ಓಕೆ ಅಂತ ಕಾರ್ಡಿನಲ್ಲಿ ಬರೆದಿದ್ದೀರಿ.

ಎಲೆಕ್ಟ್ರಿಕ್ ಪಂಪ್ ಬಗ್ಗೆಯೂ ಹೇಳಬೇಕು. ಅದು ಬಂದ ಮೇಲೆ ಒತ್ತಡ ಜಾಸ್ತಿಯಾಗಿ ಕಾರ್ಬುರೇಟರ್ ಉಕ್ಕಿ ಪೆಟ್ರೋಲ್ ವಾಸನೆ ಬರುತ್ತಿದೆ. ಇಂಜಿನ್ ನಿಂತರೂ ಕೀ ಆನ್ ಇದ್ದರೆ ಪಂಪ್ ಓಡುತ್ತಲೇ ಇರುತ್ತೆ, ಕಟ್ ಮಾಡುವ ಸ್ವಿಚ್ಚೂ ಇಟ್ಟಿಲ್ಲ. ಗುದ್ದಿಕೊಂಡರೆ ಗತಿ ಏನು? ಇಷ್ಟರ ಮೇಲೆ ನನ್ನ ಹಳೆ ಪಂಪ್ ವಾಪಸ್ ಕೊಟ್ಟಿಲ್ಲ. ಉತ್ತರಪಾರಾದ ಕಾರ್ಖಾನೆ 2014ರಲ್ಲೇ ಅಂಬಾಸಿಡರ್ ಮಾಡೋದು ನಿಲ್ಲಿಸಿದೆ. ಕಂಪನಿಯ ಒರಿಜಿನಲ್ ಪಾರ್ಟ್ ಒಂದೊಂದಕ್ಕೂ ನಾವು ಊರೂರು ಅಲೆಯುತ್ತೇವೆ. ಅದು ನಿಮ್ಮ ಗುಜರಿ ಡಬ್ಬದಲ್ಲಿ ಬಿದ್ದಿದ್ದರೆ ದಯವಿಟ್ಟು ಇವತ್ತೇ ಹುಡುಕಿ ತೆಗೆದಿಡಿ.

ನಾನು ಕೇಳುವುದು ಇಷ್ಟು. ಕಾರ್ಬುರೇಟರ್ ಮತ್ತು ಪಂಪ್ ಬಿಲ್ ಪೂರ್ತಿ ₹12,400, ಕಾಯಿಲ್‌ಗೆ ₹2,200, ಸುಟ್ಟ ಪಾಯಿಂಟ್‌ಗೆ ₹450, ಒಟ್ಟು ₹15,050 ವಾಪಸ್ ಕೊಡಿ. ನನ್ನ ಮೆಕ್ಯಾನಿಕಲ್ ಪಂಪ್ ನೀವೇ ಹಾಸನಕ್ಕೆ ಕಳಿಸಿ, ಕೂರಿಸೋದನ್ನು ನಾನು ಇಲ್ಲೇ ಮಾಡಿಸಿಕೊಳ್ಳುತ್ತೇನೆ. ಇದೇ ಕಾಯಿಲ್ ಬೇರೆ ಯಾರ್ಯಾರ ಹಳೆ ಗಾಡಿಗೆ ಹಾಕಿದ್ದೀರೋ ಅವರಿಗೆಲ್ಲ ಫೋನ್ ಮಾಡಿ ತಿಳಿಸಿ. ಈ ಕೊನೆಯದು ನನಗೆ ದುಡ್ಡಿಗಿಂತ ಮುಖ್ಯ. ಘಾಟಿಯ ತಿರುವಿನಲ್ಲಿ ಇನ್ನೊಬ್ಬರ ಅಮ್ಮ ಮಳೆಯಲ್ಲಿ ಕೂರಬಾರದು.

15 ದಿನದೊಳಗೆ ಬರಹದಲ್ಲಿ ಉತ್ತರ ಬೇಕು. ಬರದಿದ್ದರೆ ಮೊದಲು 1915 ಗ್ರಾಹಕ ಸಹಾಯವಾಣಿಗೆ, ಆಮೇಲೆ 2019ರ ಗ್ರಾಹಕರ ರಕ್ಷಣಾ ಕಾಯ್ದೆ ಪ್ರಕಾರ ಹಾಸನದ ಜಿಲ್ಲಾ ಆಯೋಗಕ್ಕೆ ದೂರು ಕೊಡುತ್ತೇನೆ. ನಾನು ಇರುವ ಊರಿನಲ್ಲೇ ಕೊಡಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ, ವಿಚಾರಿಸಿದ್ದೇನೆ.

ಮೂರು ಬಿಲ್, ನಿಮ್ಮ ಜಾಬ್ ಕಾರ್ಡ್, ಮೀಟರ್ ರೀಡಿಂಗ್ ಮತ್ತು ಪಾಯಿಂಟ್ ಫೋಟೋ ಲಗತ್ತಿಸಿದ್ದೇನೆ. ಕಾಯಿಲ್ ನನ್ನ ಹತ್ತಿರವೇ ಇದೆ. ನೋಡಬೇಕು ಅಂದರೆ ನಿಮ್ಮ ಮೆಕ್ಯಾನಿಕ್ ಒಬ್ಬರನ್ನು ಮೀಟರ್ ಸಮೇತ ಹಾಸನಕ್ಕೆ ಕಳಿಸಿ, ಅವರ ಎದುರೇ ಅಳೆದು ತೋರಿಸುತ್ತೇನೆ.

ಇಂತಿ,
ಅಂಬಾಸಿಡರ್ ಮಾಲೀಕ, ಹಾಸನ